ಎಲಿಸೆಯು ಕಸೋಮನ ಹೆಸರು

ಅಂಗೋಲಾದ ಹುವಾಂಬೊ ಸೀಮೆಯಲ್ಲಿ ಅವಳಿ ಹೆತ್ತವರಿಗೆ ಆಮೇಲೆ ಬೇರೆ ಹೆಸರಿಲ್ಲ. ಮೊದಲ ಮಗು ಜಂಬ, ಎರಡನೆಯದು ಹೋಸಿ; ತಾಯಿ ನಜಂಬ, ತಂದೆ ಸಜಂಬ. ಹುಟ್ಟಿದಾಗ ಇಟ್ಟ ಹೆಸರು ಅಂದಿಗೆ ಬಿದ್ದುಹೋಗುತ್ತದೆ. ಹೀಗೆ ಎಲಿಸೆಯು ಕಸೋಮ ಎಂಬ ಹೆಸರು ಉಳಿದದ್ದು ಒಂದೇ ಹಾಳೆಯಲ್ಲಿ, ಅವನ ಅವಳಿ ಮಕ್ಕಳ ಜನನಪತ್ರದಲ್ಲಿ. ಅದನ್ನು ಟೈಪು ಮಾಡಿದವನೂ ಅವನೇ.

ಅದು ೧೯೭೫ರ ಡಿಸೆಂಬರು; ದೇಶ ಆಳುತ್ತಿದ್ದ ಪೋರ್ಚುಗೀಸರು ಹೋಗಿ ಆಗ ಒಂದು ತಿಂಗಳಾಗಿತ್ತು. ಲುವಾಂಡಾದಲ್ಲಿ ಒಂದು ಸರ್ಕಾರ, ಹುವಾಂಬೊದಲ್ಲಿ ಇನ್ನೊಂದು. ಹುವಾಂಬೊದ್ದನ್ನು ಲೋಕದ ಯಾವ ದೇಶವೂ ಒಪ್ಪಲಿಲ್ಲ. ಆದರೂ ಅದಕ್ಕೊಂದು ಮುದ್ರೆಯಿತ್ತು, ನೋಂದಣಿ ಕಚೇರಿಯಿತ್ತು, ಅಲ್ಲಿ ಎಲಿಸೆಯುವಿಗೆ ಒಂದು ಮೇಜಿತ್ತು. ಫೆಬ್ರವರಿಯಲ್ಲಿ ಲುವಾಂಡಾದ ಸೈನ್ಯ ಬಂತು. ಇಲ್ಲಿಯ ಸರ್ಕಾರ ಕಾಡು ಹಿಡಿಯಿತು, ಅವನೂ ಜತೆಗೆ ಹೋದ. ಆರು ವರ್ಷ ಸುದ್ದಿಯಿಲ್ಲ.

ಮಕ್ಕಳನ್ನು ಶಾಲೆಗೆ ಹಾಕಬೇಕಾಗಿ ಬಂದಾಗ ನಜಂಬ ಆ ಹಾಳೆ ಹಿಡಿದು ಕಚೇರಿಗೆ ಹೋದಳು. ಅಲ್ಲಿ ಕೂತಿದ್ದವನು ಫೌಸ್ಟಿನೊ, ಹಿಂದೆ ಎಲಿಸೆಯುವಿನ ಪಕ್ಕದ ಮೇಜಿನವನು.

"ಈ ಪತ್ರ ನಡೆಯಲ್ಲಕ್ಕಾ."

"ಯಾಕೆ ನಡೆಯಲ್ಲ? ಮುದ್ರೆ ಒತ್ತಿದ್ದು ನೀನೇ."

"ಮೆಲ್ಲಗೆ ಮಾತಾಡು ತಾಯಿ! ಆ ಸರ್ಕಾರ ಇರಲೇ ಇಲ್ಲ ಅಂತ ಈಗ."

"ಸರ್ಕಾರ ಇರಲಿಲ್ಲ, ಆಯ್ತು. ಮಕ್ಕಳು ಹುಟ್ಟಿದ್ದಂತೂ ನಿಜ ತಾನೆ? ಅವಳಿ ಹುಟ್ಟಿದ ದಿನ ನಮ್ಮಂಗಳದಲ್ಲಿ ಶಾಸ್ತ್ರಕ್ಕೆ ಅಂತ ಬಾಯಿಗೆ ಬಂದಂಗೆ ಬೈಕೊಂಡು ಕುಣಿದೋನು ನೀನೇ ಅಲ್ವೇನೋ?"

ಫೌಸ್ಟಿನೊ ನಕ್ಕುಬಿಟ್ಟ. ಮರುಕ್ಷಣ ಬಾಗಿಲ ಕಡೆ ನೋಡಿದ.

"ಹೊಸ ಪತ್ರ ಮಾಡ್ಕೊಡ್ತೀನಿ. ತಂದೆ ಯಾರೋ ಗೊತ್ತಿಲ್ಲ ಅಂತ ಬರಿಯಲಾ? ಸುಮಾರು ಮಕ್ಕಳಿಗೆ ಹಾಗೇ ಬರೆದಿದೀನಿ. ಕಾಡಿಗೆ ಹೋದವನ ಹೆಸರು ಹಾಕಿದ್ರೆ ಮನೆ ಬಾಗಿಲಿಗೆ ಬರ್ತಾರೆ."

ಅವಳು ಕೈಯಲ್ಲಿದ್ದ ಹಾಳೆ ನೋಡಿದಳು. ಕೇರಿಯಲ್ಲಿ ಸಜಂಬ ಅನ್ನಿಸಿಕೊಂಡವರು ನಾಲ್ಕು ಜನ. ಈ ಹಾಳೆಯೂ ಹೋದರೆ ಅವಳ ಗಂಡ ಅವರಲ್ಲಿ ಯಾರೋ ಒಬ್ಬ, ಅಷ್ಟೆ.

"ಎಲಿಸೆಯು ಕಸೋಮ," ಅಂದಳು. "ಬರಿ."

"ಹಟಮಾರಿ ನೀನು," ಎಂದು ಗೊಣಗುತ್ತಾ ಅವನು ಬರೆದ.

ಮೂರನೆಯ ದಿನ ಇಬ್ಬರು ಸಿಪಾಯಿಗಳು ಬಂದು ಮನೆ ಜಾಲಾಡಿದರು. ಹಾಸಿಗೆ ಬಗೆದರು, ಏನೂ ಸಿಗದೆ ಹೋದರು. ಅಲ್ಲಿಗೆ ಮುಗಿಯಿತು ಅಂದುಕೊಂಡಳು. ಮರುದಿನ ಊರಾಚೆಯ ಬಂಡೆಗೆ ಮೆಕ್ಕೆಜೋಳ ಕುಟ್ಟಲು ಹೋದರೆ ಹೆಂಗಸರ ಮಾತು ನಿಂತಿತು. ಒಬ್ಬೊಬ್ಬರಾಗಿ ಹಿಟ್ಟು ಬಾಚಿಕೊಂಡು ಎದ್ದರು. ಕೊನೆಗೆ ಉಳಿದವಳು ಪಕ್ಕದ ಮನೆಯ ಡೆಲ್ಫಿನಾ.

"ತಪ್ಪು ತಿಳಿಬೇಡ ಕಣೇ. ನಮ್ಮನೆಯವರದು ರೈಲ್ವೆ ಕೆಲಸ," ಎಂದು ಅವಳೂ ಹೋದಳು.

ಅಂದಿನಿಂದ ನಜಂಬ ಬಿಸಿಲಿಗೆ ಬಂಡೆ ಕಾದ ಮೇಲೆ, ಯಾರೂ ಇಲ್ಲದ ಹೊತ್ತಿಗೆ ಹೋಗತೊಡಗಿದಳು. ಇಪ್ಪತ್ತು ಕೈ ಕುಟ್ಟುತ್ತಿದ್ದ ಕಡೆ ಒಂದೇ ಸದ್ದು.

ಒಂದು ಮಧ್ಯಾಹ್ನ ಹೋಸಿ ಶಾಲೆಯಿಂದ ನೇರ ಅಲ್ಲಿಗೇ ಬಂದ.

"ಅಮ್ಮಾ, ಮೇಷ್ಟ್ರು ನನ್ನ ಕಸೋಮ ಅಂತಾರೆ. ಯಾರದು?"

"ನಿಮ್ಮಪ್ಪ."

"ಅಪ್ಪ ಸಜಂಬ ಅಲ್ವಾ?"

"ಅದು ಊರು ಕರೆಯೋದು. ಎಲಿಸೆಯು ಕಸೋಮ ಅಂತ ಅವರಮ್ಮ ಇಟ್ಟಿದ್ದು."

ಹುಡುಗ ಆ ಹೆಸರನ್ನು ಒಮ್ಮೆ ಬಾಯಲ್ಲಿ ಆಡಿಸಿ ನೋಡಿದ. ಅವಳ ಕೈ ನಿಂತಿತು. ಇನ್ನೊಂದು ಸಲ ಹೇಳೋ ಅನ್ನುವಷ್ಟರಲ್ಲಿ ಅವನು ಬಂಡೆಯಿಳಿದು ದಾರಿಯಲ್ಲಿ ಹೋಗುತ್ತಿದ್ದ ಅಣ್ಣ ಜಂಬನ ಹಿಂದೆ ಓಡಿಯಾಗಿತ್ತು.