ಎರಡೂ ಮನೆಯ ಕಾಫಿ ಬೇಡವೆಂದವರು

ಲಾಕ್‌ಡೌನ್ ಮುಗಿದು ದೊಡ್ಡಬಳ್ಳಾಪುರದ ಮಗ್ಗಗಳು ಮತ್ತೆ ಓಡತೊಡಗಿದ್ದ ವರ್ಷ. ನಮ್ಮ ಮನೆಯಲ್ಲಿರುವುದು ನಾಲ್ಕು ಪವರ್‌ಲೂಮ್. ತಿಂಗಳುಗಟ್ಟಲೆ ಸುಮ್ಮನೆ ಕೂತು ಕಂಗಾಲಾಗಿದ್ದ ನಾವು, ಸೀರೆಯ ಆರ್ಡರ್ ಬಂದದ್ದೇ ತಡ, ರಾತ್ರಿಯೂ ನೇಯತೊಡಗಿದೆವು. ಗೋಡೆಯಾಚೆ ಸರೋಜಮ್ಮನವರ ಮನೆ. "ರಾತ್ರಿಯೆಲ್ಲಾ ನಿಮ್ಮ ಮಗ್ಗದ ಕಾಟ ಇನ್ನು ತಡ್ಕೊಳ್ಳೋಕಾಗಲ್ಲ, ನಗರಸಭೆಗೆ ಅರ್ಜಿ ಕೊಡ್ತೀನಿ" ಎಂದು ಅವರು ಒಂದು ದಿನ ನಮ್ಮ ಬಾಗಿಲಿಗೇ ಬಂದು ಹೇಳಿದರು. ಅರ್ಜಿ ಹೋದರೆ ಮಗ್ಗಕ್ಕೆ ಬೀಗ ಬೀಳುವುದು ಗ್ಯಾರಂಟಿ. ನಮಗಿದ್ದದ್ದು ಅದೊಂದೇ ಅನ್ನದ ದಾರಿ. ನಾನೂ ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಬಾಯಿ ಎಂಥದೆಂದು ನಮ್ಮ ಬೀದಿಗೆಲ್ಲ ಗೊತ್ತು.

ಆಗ ನಡುವೆ ಬಂದವರು ಸರೋಜಮ್ಮನ ಅಣ್ಣ ವಿಶ್ವನಾಥಯ್ಯನವರು. ಹೊರದೇಶಗಳಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯೊಂದರ ಅಧಿಕಾರಿಯಾಗಿದ್ದು, ನಿವೃತ್ತಿಯಾದ ಮೇಲೆ ಒಂಟಿಯಾಗಿದ್ದ ತಂಗಿಯ ಜೊತೆ ಬಂದು ಇದ್ದರು. ಕಾದಾಡುವ ದೇಶಗಳನ್ನು ಮಾತಿಗೆ ಕೂರಿಸುವುದು ಅವರ ಕೆಲಸವಾಗಿತ್ತಂತೆ.

"ಅರ್ಜಿ ಗಿರ್ಜಿ ಆಮೇಲಮ್ಮ, ಮೊದ್ಲು ಕೂತು ಮಾತಾಡಿ" ಅಂದರು.

"ಒಡಹುಟ್ಟಿದ ತಂಗೀನ ಬಿಟ್ಟು ನಮ್ಮ ಪರ ಮಾತಾಡ್ತೀರಾ ಸಾರ್?" ಎಂದು ನೇರವಾಗಿಯೇ ಕೇಳಿದೆ.

"ನಾನು ಯಾರ ಪರಾನೂ ಮಾತಾಡಲ್ಲ" ಅಂದರು.

ಭಾನುವಾರ ಬೆಳಿಗ್ಗೆ ಎರಡು ಮನೆಗಳ ಮುಂದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದರು. ನಾನು ಕಾಫಿ ತಂದೆ, ಬೇಡವೆಂದರು. ಸರೋಜಮ್ಮ ತಂದರು, ಅದನ್ನೂ ಮುಟ್ಟಲಿಲ್ಲ. ತಾವೇ ಟೀ ಕಾಸಿಕೊಂಡು ಫ್ಲಾಸ್ಕಿನಲ್ಲಿ ತಂದಿದ್ದರು. "ಇದು ಮುಗಿಯೋವರೆಗೂ ಯಾರ ಮನೇದೂ ಕುಡಿಯಲ್ಲ" ಅಂದರು. ಜಗಳ ಶುರುವಾದಂದಿನಿಂದ ತಂಗಿಯ ಕೈ ಕಾಫಿಯನ್ನೂ ಬಿಟ್ಟಿದ್ದರಂತೆ, ಸರೋಜಮ್ಮನಿಗೆ ಅದೊಂದು ಉರಿ. ನನಗೆ ನಗು ಬಂತು, ಸ್ವಲ್ಪ ನಂಬಿಕೆಯೂ ಬಂತು.

ಅವರದು ಒಂದೇ ನಿಯಮ. ಸರೋಜಮ್ಮನ ಕಷ್ಟವನ್ನು ನಾನು ಹೇಳಬೇಕು, ನನ್ನದನ್ನು ಅವರು ಹೇಳಬೇಕು. ಎದುರಿನವರು "ಹೌದು, ಇದೇ" ಎಂದು ಒಪ್ಪುವ ತನಕ ಮುಂದಿನ ಮಾತಿಲ್ಲ.

"ಇವ್ರಿಗೆ ಸದ್ದಿಗೆ ನಿದ್ದೆ ಬರಲ್ಲ" ಅಂದೆ.

"ಅಲ್ಲ" ಅಂದರು ಸರೋಜಮ್ಮ.

"ನಾವು ನಾಲ್ಕು ಕಾಸು ನೋಡ್ತಿದ್ದೀವಿ ಅಂತ ಹೊಟ್ಟೆಕಿಚ್ಚು."

"ನಂಗ್ಯಾಕಮ್ಮ ಅದು? ಅಲ್ವೇ ಅಲ್ಲ."

"ಗೊತ್ತಿಲ್ದಿದ್ರೆ ಅವರನ್ನೇ ಕೇಳಿ" ಅಂದರು ವಿಶ್ವನಾಥಯ್ಯನವರು.

ಕೇಳುವುದಕ್ಕೆ ನನಗೆ ಸುತರಾಂ ಇಷ್ಟವಿರಲಿಲ್ಲ. ಆದರೂ "ಮತ್ತೇನಕ್ಕ ನಿಮ್ಮ ಕಷ್ಟ?" ಅಂದೆ.

ಸರೋಜಮ್ಮನಿಗೆ ಹೃದಯದ ಆಪರೇಷನ್ ಆಗಿತ್ತು. ಮಲಗಿದರೆ ಗೋಡೆಯ ಅದುರು ಮಂಚಕ್ಕೆ ಬರುತ್ತದಂತೆ. ಅದುರುತ್ತಿರುವುದು ಮಗ್ಗವೋ ತನ್ನ ಎದೆಯೋ ತಿಳಿಯದೆ, ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದು ಕೂರುತ್ತಾರಂತೆ. ಅವರ ಕಷ್ಟ ಸದ್ದಲ್ಲ, ಭಯ. ಅದನ್ನು ನನ್ನ ಬಾಯಿಂದ ತಿರುಗಿ ಹೇಳಿದೆ. "ಹೌದು, ಇದೇ" ಅಂದರು ಅವರು.

ನಮ್ಮದನ್ನು ಹೇಳುವಾಗ ಸರೋಜಮ್ಮನೂ ಮೊದಲು "ದುರಾಸೆ" ಅಂದರು. ಆಮೇಲೆ ನನ್ನನ್ನು ಕೇಳಿದರು. ಲಾಕ್‌ಡೌನಿನಲ್ಲಿ ಇದ್ದ ಐದು ಮಗ್ಗದಲ್ಲಿ ಒಂದನ್ನು ಗುಜರಿಗೆ ಹಾಕಿ ಊಟ ಮಾಡಿದ್ದೆವು. ಉಳಿದವೂ ಹಾಗೇ ಹೋದರೆ ಗತಿಯೇನೆಂದು ರಾತ್ರಿಯೂ ಓಡಿಸುತ್ತಿದ್ದೆವು ಎಂದೆ. "ಅಯ್ಯೋ, ನೀವೂ ಹೆದರ್ಕೊಂಡೇ ಇದ್ರಾ" ಅಂದರು.

ಅಲ್ಲಿಂದಾಚೆ ಮಾತು ಸಲೀಸಾಯಿತು. ಗೋಡೆ ಪಕ್ಕದ ಮಗ್ಗವನ್ನು ಆಚೆ ಬದಿಗೆ ಸರಿಸಿ, ಎಲ್ಲದರ ಕಾಲಿನಡಿಗೂ ದಪ್ಪ ರಬ್ಬರ್ ಹಾಕಿಸಿದೆವು. ಸಂಜೆ ಬೇಗ ನಿಲ್ಲಿಸಿ ಬೆಳಿಗ್ಗೆ ಬೇಗ ಶುರು ಮಾಡುವುದೆಂದಾಯಿತು. ಅರ್ಜಿ ಹೋಗಲಿಲ್ಲ. ಅವತ್ತು ವಿಶ್ವನಾಥಯ್ಯನವರು ಎರಡೂ ಮನೆಯ ಕಾಫಿ ಕುಡಿದರು. ಈಗಲೂ ಯಾರ ಮೇಲಾದರೂ ಸಿಟ್ಟು ಬಂದರೆ, ಅವರ ಕಷ್ಟವನ್ನು ಮೊದಲು ನನ್ನ ಬಾಯಲ್ಲಿ ಹೇಳಿ ನೋಡುತ್ತೇನೆ. ಅರ್ಧಕ್ಕರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಕಳೆದ ವರ್ಷ ವಿಶ್ವನಾಥಯ್ಯನವರು ತೀರಿಕೊಂಡರು. ಎಲ್ಲೆಲ್ಲಿಂದಲೋ ಜನ ಬಂದು, ಅವರು ಯಾವ ದೇಶದಲ್ಲಿ ಏನು ಮಾಡಿದರೆಂದು ಹೇಳಿದರು. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮಿಬ್ಬರನ್ನು ಎದುರುಬದುರು ಕೂರಿಸಿದವರಿಗೆ ದೇಶಗಳು ಯಾವ ಲೆಕ್ಕ? ತಿಥಿ ಮುಗಿಯುವವರೆಗೆ ಮಗ್ಗ ಮುಟ್ಟಬೇಡಿ, ಆರ್ಡರ್ ಕೈತಪ್ಪಿದರೂ ಪರವಾಗಿಲ್ಲ ಎಂದು ನಾನು ನಮ್ಮ ಮನೆಯವರಿಗೆ ಹೇಳಿದ್ದೆ.

ನಾಲ್ಕೈದು ದಿನ ಕಳೆದಿರಬೇಕು. ಸರೋಜಮ್ಮ ನಮ್ಮ ಬಾಗಿಲಿಗೆ ಬಂದರು. ಅತ್ತು ಅತ್ತು ಕಣ್ಣು ಊದಿತ್ತು.

"ಮಗ್ಗ ಯಾಕಮ್ಮ ನಿಲ್ಸಿದ್ದೀಯ?"

"ಇನ್ನೂ ತಿಥಿ ಆಗಿಲ್ಲ, ಹೆಂಗಕ್ಕ ಓಡ್ಸೋದು?"

"ಓಡ್ಸು. ಅಣ್ಣ ಇಲ್ದೆ ಮನೆ ಬಿಕೋ ಅಂತಿದೆ. ಒಬ್ಳೇ ಕೂತ್ರೆ ಭಯ ಆಗುತ್ತೆ ಕಣೇ."

ನಾನು ಒಳಗೆ ಹೋಗಿ ನಾಲ್ಕೂ ಮಗ್ಗದ ಸ್ವಿಚ್ ಹಾಕಿದೆ. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ.

— ಒಬ್ಬ ನೇಕಾರ ಗೃಹಿಣಿ, ದೊಡ್ಡಬಳ್ಳಾಪುರ