ಸೋಪಿನಲ್ಲಿ ಅವ್ವನ ಮುಖ

ಸೀಮೆಸುಣ್ಣದ ಕಡ್ಡಿಯಲ್ಲಿ ಹಂಪಿಯ ಕಂಬ, ಪೆನ್ಸಿಲ್ ಮೊನೆಯಲ್ಲಿ ಆನೆ ಕೆತ್ತುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಹೊಸಪೇಟೆಯ ಮನೆಗೆ ಬಂದರೆ ಸೂಜಿ, ಬ್ಲೇಡು ಹಿಡಿದು ಕುಳಿತುಬಿಡುತ್ತೇನೆ. ಭೂತಗನ್ನಡಿ ಇಟ್ಟು ನೋಡಿದವರೆಲ್ಲ ಹೊಗಳುತ್ತಾರೆ. ಹೊಗಳಿದರೆ ನಾನು ಉಬ್ಬುತ್ತೇನೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಅಕ್ಕ ಮಾತ್ರ ನನ್ನ ಕೆಲಸ ನೋಡುವಂತಿರಲಿಲ್ಲ. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣುಗಳನ್ನು ತಿಂದುಹಾಕಿತ್ತು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ದುಡಿದು ನನ್ನನ್ನು ಸಾಕಿದವಳು ಅವಳೇ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಅವಳ ಫೋಟೊ ಒಂದೂ ಇಲ್ಲ. ಅವಳ ಮುಖ ಉಳಿದಿದ್ದು ಅಕ್ಕನ ನೆನಪಿನಲ್ಲಷ್ಟೆ.

ಕಳೆದ ವರ್ಷ ಒಂದು ಭಾನುವಾರ ಕಂಪ್ಲಿಗೆ ಹೋಗಿದ್ದೆ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ ಅಕ್ಕ ಇದ್ದಕ್ಕಿದ್ದಂತೆ ಹೇಳಿದಳು: "ಅವ್ವನ ಮುಖ ಮರತು ಹೊಂಟೈತಿ ನನಗ. ಊರಿಗೆಲ್ಲಾ ಆನಿ, ಕುದುರಿ ಮಾಡಿ ಕೊಡ್ತಿ. ಅಕೀದೊಂದ್ ಮುಖ ಮಾಡೋ. ನಾ ಹೇಳ್ತೀನಿ, ನೀ ಕೆತ್ತು."

ಅವಳೂ ಮರೆತರೆ, ಅವ್ವ ಹೇಗಿದ್ದಳೆಂದು ಹೇಳುವವರು ಈ ಲೋಕದಲ್ಲಿ ಯಾರೂ ಉಳಿಯುವುದಿಲ್ಲ.

ಅವಳು ಹೇಳಿದಂತೆ ಸೀಮೆಸುಣ್ಣದಲ್ಲಿ ಕೆತ್ತಿ ಮುಂದಿನ ವಾರ ಒಯ್ದೆ. ಅಕ್ಕ ಮುಟ್ಟಿದ್ದೇ ತಡ, ಕುತ್ತಿಗೆ ಲಟಕ್ಕನೆ ಮುರಿಯಿತು. "ಇಷ್ಟ್ ಸಣ್ಣಾಕಿ ಅಲ್ಲಲೇ ನಮ್ಮವ್ವ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬಚ್ಚಲಿನಿಂದ ಹೊಸ ಸೋಪು ತಂದು ಅಲ್ಲೇ ಕೆತ್ತಲು ಕುಳಿತೆ.

ಅಂದಿನಿಂದ ಭಾನುವಾರವೆಂದರೆ ಅದೇ ಕೆಲಸ. ನಾನು ಒಂದಿಷ್ಟು ಕೆತ್ತುವುದು, ಅವಳು ಬೆರಳಾಡಿಸಿ ತಪ್ಪು ಹಿಡಿಯುವುದು. "ಮೂಗು ಇನ್ನಾ ಮೊಂಡ ಮಾಡು." "ಹಣಿ ಇಷ್ಟ್ ಅಗಲ ಬ್ಯಾಡ." ಗದ್ದದ ಹತ್ತಿರ ಬಂದು ಕೆಲಸ ನಿಂತಿತು. ಎಷ್ಟು ತಿದ್ದಿದರೂ ಅದಲ್ಲ ಅನ್ನುತ್ತಿದ್ದಳು. ನಾನು ರೇಗಿದೆ. ಆಗ ಅಕ್ಕ ಕೈ ಚಾಚಿ ನನ್ನ ಗದ್ದವನ್ನೇ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

"ಇಲ್ಲೇ ಐತಲ್ಲೋ," ಅಂದಳು. "ಮುಂದಿನ ವಾರ ಗಡ್ಡ ಬೋಳಿಸ್ಕೊಂಡ್ ಬಾ."

ನುಣ್ಣಗೆ ಬೋಳಿಸಿಕೊಂಡು ಹೋದೆ. ಕನ್ನಡಿ ಎದುರಿಟ್ಟುಕೊಂಡು, ನನ್ನದೇ ಗದ್ದ ನೋಡುತ್ತಾ ಅವ್ವನ ಗದ್ದ ಕೆತ್ತಿದೆ. ಮುಗಿಸಿ ಅಕ್ಕನ ಕೈಗಿಟ್ಟೆ. ಅವಳು ಬಹಳ ಹೊತ್ತು ಬೆರಳಾಡಿಸಿದಳು.

"ಮತ್ತ ತಪ್ಪೈತೇನು?" ಕೇಳಿದೆ.

"ತಪ್ಪಲ್ಲ. ಬೆರಳು ಜೋಮು ಹಿಡದಾವ, ಏನೂ ತಿಳಿವಲ್ದು. ಸಕ್ಕರಿ ಬ್ಯಾನಿ ಕೈಗೂ ಬಂದೈತಿ. ಹೇಳಿದ್ರ ನೀ ಕೆತ್ತೂದು ಬಿಡ್ತಿ ಅಂತ ಸುಮ್ನಿದ್ದೆ. ಹೆಬ್ಬೆರಳೊಂದು ಉಳದಿತ್ತು, ಈ ವಾರ ಅದೂ ಹೋತು."

ಅವಳ ಕಣ್ಣು ಹೋದಾಗಲೂ ನನಗೆ ಅಷ್ಟು ಅಳು ಬಂದಿರಲಿಲ್ಲ. ಒಂದು ವಾರ ಮೊದಲೇ ಮುಗಿಸಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

ಅಕ್ಕ ಸೋಪನ್ನು ಎರಡೂ ಅಂಗೈಗಳಲ್ಲಿ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಹಣೆ, ಮೂಗು, ಗದ್ದ, ಒಂದೊಂದನ್ನೂ ಕೆನ್ನೆಯ ಮೇಲೆ ನಿಧಾನವಾಗಿ ಜಾರಿಸಿದಳು. ಗದ್ದದ ಹತ್ತಿರ ಕೈ ನಿಂತಿತು.

"ಹೌದು, ಅಕೀನ ಇದು," ಅಂದಳು. "ಮಗ್ಗಲಾಗ ಮಲಗಿದಾಗ ಕೆನ್ನಿಗೆ ಹಿಂಗ ಹತ್ತತಿತ್ತು ಅಕಿ ಗದ್ದ."

ಆಮೇಲೆ ತಡಕಾಡಿ ನನ್ನ ಭುಜ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. "ನೀನೂ ನೋಡ್ಲೇ" ಎಂದು ಅದನ್ನು ನನ್ನ ಕೆನ್ನೆಗಿಟ್ಟಳು. ಸೋಪು ತಣ್ಣಗಿತ್ತು. ಅಕ್ಕನ ಕೆನ್ನೆ ತಾಗಿದ ಕಡೆ ಬೆಚ್ಚಗಿತ್ತು.