ವೆಳ್ಳಿ ಅಮ್ಮಮ್ಮ ಆಡದ ಮಾತು

ಮೈಮೇಲೆ ಬಂತು, ಸತ್ತವರು ಮಾತಾಡಿದರು ಅಂತ ಯಾರಾದರೂ ಹೇಳಿದರೆ ಅವರೆದುರಿಗೆ ತಲೆಯಾಡಿಸಿ ಆಮೇಲೆ ಒಬ್ಬಳೇ ನಗುತ್ತಿದ್ದವಳು ನಾನು. ನನ್ನದು ಹೊಲಿಗೆ ಅಂಗಡಿ. ರವಿಕೆ ಹೊಲಿಸಲು ಬರುವ ಹೆಂಗಸರು ಬಟ್ಟೆಯ ಜೊತೆ ಇಂಥ ಕತೆಗಳನ್ನೂ ತರುತ್ತಾರೆ. ಮಿಷನ್ ತುಳಿಯುತ್ತ ಹೂಂ ಎನ್ನುತ್ತಿದ್ದೆ, ಅಷ್ಟೇ. ಈಗಲೂ ಅದನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಐದು ವರ್ಷದ ಹಿಂದೆ ಒಂದು ಭಾನುವಾರ, ಹಾಡಹಗಲು, ಹನ್ನೊಂದು ಜನರ ಎದುರು ನನ್ನ ಬಾಯಿಂದ ಆದದ್ದನ್ನು ಏನೆಂದು ಕರೆಯಬೇಕೋ ಇವತ್ತಿಗೂ ಗೊತ್ತಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಂಬಲೇಬೇಕು ಅಂತೇನಿಲ್ಲ.

ನಾನು ಕರ್ನಾಟಕದ ಗಡಿಗೆ ತಾಗಿದ, ಮಲಯಾಳ ಸೀಮೆಯ ಮರಕ್ಕಡವಿನವಳು. ಮುತ್ತಜ್ಜನ ಕಾಲದಲ್ಲಿ ಕಬಿನಿ ದಾಟಿ ಈಚೆ ದಡಕ್ಕೆ ಬಂದು ಗದ್ದೆ ಮಾಡಿಕೊಂಡ ಕುಟುಂಬ ನಮ್ಮದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಮಲಯಾಳ. ನನ್ನ ಕನ್ನಡ ಕೇಳಿ ಮೈಸೂರಿನವರು ನಗುತ್ತಾರೆ, ಮಲಯಾಳ ಕೇಳಿ ಕಲ್ಪೆಟ್ಟದವರು ನಗುತ್ತಾರೆ. ಆದರೂ ಎರಡೂ ನನಗೆ ಸಲೀಸು. ಅದಕ್ಕೇ ಬಿಂದು ನನ್ನನ್ನು ಹುಡುಕಿಕೊಂಡು ಬಂದದ್ದು.

ಬಿಂದು ನಮ್ಮ ಮನೆಯಿಂದ ಒಂದು ಗಂಟೆ ನಡಿಗೆಯ ದೂರದಲ್ಲಿರುವ ಪಣಿಯ ಬುಡಕಟ್ಟಿನವರ ಊರಿನವಳು. ಊರು ಅಂದರೆ ಕರ್ನಾಟಕದ ಕಡೆ ಹಾಡಿ ಎನ್ನುತ್ತಾರಲ್ಲ, ಅದು. ಮೂವತ್ತರ ಹತ್ತಿರದ ವಯಸ್ಸು, ಡಿಗ್ರಿ ಓದಿದ್ದಾಳೆ, ಮಾತು ಕಡಿಮೆ, ಹೇಳಿದ್ದು ಖಡಕ್ಕು. ಅವಳೂ ಅಲ್ಲಿನ ಹೆಂಗಸರೂ ಸೇರಿ ಪ್ರವಾಸಿಗರಿಗೆ ತಮ್ಮ ಬದುಕನ್ನು ತೋರಿಸುವ ಕೆಲಸ ಶುರು ಮಾಡಿದ್ದರು. ಬಿದಿರಿನ ಬುಟ್ಟಿ ಹೆಣೆಯುವುದು, ಕಾಡುಗೆಣಸು ಸುಡುವುದು, ಗದ್ದೆಯ ಏಡಿ ಹಿಡಿದು ಸಾರು ಮಾಡುವುದು, ಕೊನೆಗೆ ತುಡಿ ಎಂಬ ಚರ್ಮವಾದ್ಯ ಬಡಿದು ಸುತ್ತು ಕುಣಿತ. ಕರ್ನಾಟಕದಿಂದ ಬರುವವರಿಗೆ ಮಲಯಾಳ ತಿಳಿಯುತ್ತಿರಲಿಲ್ಲ. ಭಾನುವಾರ ಬಂದು ಕನ್ನಡದಲ್ಲಿ ಹೇಳಿಕೊಡುತ್ತೀರಾ ಚೇಚಿ, ಅಂದರೆ ಅಕ್ಕಾ, ಎಂದು ಕೇಳಿದಳು. ಒಪ್ಪಿದೆ.

ಮೊದಲ ದಿನವೇ ಅವಳು ಕೆಲವು ಮಾತು ಹೇಳಿದ್ದಳು. ಯಾರೂ ಮನೆಯೊಳಗೆ ಹೋಗಕೂಡದು. ಫೋನುಗಳನ್ನು ಬುಟ್ಟಿಯಲ್ಲಿ ಹಾಕಿ ಬಂದೇ ಚಾವಡಿಯಲ್ಲಿ ಕೂರಬೇಕು. ನಮ್ಮ ಸಾವು, ಸತ್ತವರಿಗೆ ಮಾಡುವ ಕ್ರಿಯೆ, ಹಿಂದಿನವರು ಪಟ್ಟ ಪಾಡು, ಇದು ಯಾವುದೂ ಅತಿಥಿಗಳಿಗಲ್ಲ. "ನಾವು ಏನು ತೋರಿಸಬೇಕು ಅಂತ ಇದೇ ಮೊದಲ ಸಲ ನಾವೇ ನಿಶ್ಚಯ ಮಾಡ್ತಿರೋದು ಚೇಚಿ. ಬಂದವರನ್ನ ಅಳಿಸಿ ಕಳಿಸೋದು ನಮಗೆ ಬೇಡ" ಎಂದಿದ್ದಳು. ಅದು ನನಗೆ ಸರಿಯೆನಿಸಿತ್ತು.

ಊರಿನ ಹಿರಿಯಳು ವೆಳ್ಳಿ ಅಮ್ಮಮ್ಮ. ಎಪ್ಪತ್ತೈದು ದಾಟಿದವರು. ಅತಿಥಿಗಳೆದುರು ಚಾಪೆಯ ಮೇಲೆ ಕಾಲು ಚಾಚಿ ಕೂತು ಹಳೆಯ ಬೇಸಾಯದ ನಾಲ್ಕು ಮಾತು ಹೇಳುವುದು ಅವರ ಪಾಲು. ಪಣಿಯರ ಮಾತು ಮಲಯಾಳದ ಹತ್ತಿರದ್ದೇ, ಆದರೆ ವಯಸ್ಸಾದವರು ಆಡಿದರೆ ನನಗೆ ನಾಲ್ಕರಲ್ಲಿ ಒಂದು ಪದ ಹತ್ತಿದರೆ ಹೆಚ್ಚು. ಹಾಗಾಗಿ ಅಮ್ಮಮ್ಮ ಹೇಳುವುದು, ಬಿಂದು ಅದನ್ನು ಮಲಯಾಳಕ್ಕೆ ತರುವುದು, ನಾನು ಕನ್ನಡದಲ್ಲಿ ಹೇಳುವುದು. ಎಂಟು ಹತ್ತು ಭಾನುವಾರ ಹಾಗೇ ನಡೆದಿತ್ತು.

ಆ ಭಾನುವಾರ ಮೈಸೂರಿನಿಂದ ಒಂದು ವ್ಯಾನಿನಲ್ಲಿ ಹನ್ನೊಂದು ಜನ ಬಂದಿದ್ದರು. ಹೆಚ್ಚಿನವರು ಕೆಲಸದಿಂದ ನಿವೃತ್ತರಾದ ಮೇಷ್ಟ್ರು, ಮೇಡಂಗಳು. ಊಟ ಮುಗಿದು ಎಲ್ಲರೂ ಚಾವಡಿಯಲ್ಲಿ ಕೂತರು. ಬಿಂದು ಚಾವಡಿಯ ಬಾಗಿಲಲ್ಲೇ ಒಲೆಯ ಪಕ್ಕ ನಿಂತು ಲೋಟಗಳಿಗೆ ಹಾಲಿಲ್ಲದ ಕಟ್ಟನ್ ಚಾಯ ಬಗ್ಗಿಸುತ್ತಿದ್ದಳು. ಅವಳು ಬರುವವರೆಗೆ ಕಾಯೋಣ ಎಂದುಕೊಂಡೆ. ಅಷ್ಟರಲ್ಲಿ ಅಮ್ಮಮ್ಮ ಮಾತು ಶುರು ಮಾಡಿಬಿಟ್ಟರು.

ನನಗೆ ಅರ್ಥವಾಯಿತು. ಇದನ್ನು ಹೇಗೆ ಹೇಳಲಿ? ಪದ ಪದ ಹಿಡಿದು ಅರ್ಥ ಮಾಡಿಕೊಂಡದ್ದಲ್ಲ. ನಮ್ಮ ಮನೆಯವರೇ ಯಾರೋ ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ, ಪ್ರಯಾಸವೇ ಇಲ್ಲದೆ. ಇಷ್ಟು ದಿನ ಕೇಳಿ ಕೇಳಿ ಭಾಷೆ ಹತ್ತಿತು ಎಂದು ಒಳಗೊಳಗೇ ಖುಷಿಯಾಯಿತು. ಅತಿಥಿಗಳ ಮುಖ ನೋಡುತ್ತ ಕನ್ನಡದಲ್ಲಿ ಹೇಳತೊಡಗಿದೆ. ದನಿ ನನ್ನ ಎಡಗಡೆಯಿಂದ, ಸ್ವಲ್ಪ ಹಿಂದಿನಿಂದ ಬರುತ್ತಿತ್ತು. ಅಮ್ಮಮ್ಮ ಕೂತದ್ದು ನನ್ನ ಬಲಕ್ಕೆ ಎನ್ನುವುದು ಆಗ ತಲೆಗೇ ಹೋಗಲಿಲ್ಲ.

ಎಲ್ಲ ಮಾತೂ ಈಗ ನೆನಪಿಲ್ಲ. ನೆನಪಿರುವುದು ಇಷ್ಟು. ಹೊಳೆ ಬದಿಯ ಗದ್ದೆಯಲ್ಲಿ ನಾಟಿ. ಮೂರು ದಿನದಿಂದ ಮಗುವಿಗೆ ಜ್ವರ. ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲ, ಎಲ್ಲರೂ ಗದ್ದೆಗೆ ಬರಲೇಬೇಕು. ಬದುವಿನ ಮೇಲೆ ಅತ್ತಿಮರದ ಬುಡದಲ್ಲಿ ಬುಟ್ಟಿಯೊಳಗೆ ಮಲಗಿಸಿ ನೀರಿಗೆ ಇಳಿದೆ. ಬಗ್ಗಿ ನೆಡುತ್ತಿದ್ದಾಗ ಅಳು ಕೇಳಿಸುತ್ತಿತ್ತು. ಕೇಳಿಸುವಷ್ಟು ಹೊತ್ತು ಧೈರ್ಯವಿತ್ತು. ಬಿಸಿಲು ನೆತ್ತಿಗೆ ಬಂದಾಗ ಅಳು ನಿಂತಿತು. ಒಂದು ಸಲ ನೋಡಿ ಬರುತ್ತೇನೆ ಎಂದು ಬದುವಿನ ಮೇಲೆ ನಿಂತಿದ್ದ ಗದ್ದೆಯೊಡತಿ ಅಮ್ಮನನ್ನು ಕೇಳಿದೆ. ಈ ಗದ್ದೆ ಮುಗಿಸಿ ಹೋಗು, ಇನ್ನೆಷ್ಟಿದೆ, ನಿದ್ದೆ ಹೋಗಿರುತ್ತದೆ ಎಂದಳು ಅಮ್ಮ. ಕೈ ತೋರಿಸಿ ಹೇಳಿದಳು. ಆ ಕೈಯ ಕಿರುಬೆರಳು ನೆಟ್ಟಗಿರಲಿಲ್ಲ, ಅಂಗೈಗೆ ಮಡಚಿಕೊಂಡಿತ್ತು.

ಅಷ್ಟು ಹೇಳಿ ನಿಲ್ಲಿಸಿಬಿಟ್ಟೆ. ನಮ್ಮ ಅಜ್ಜಿಗೆ, ಅಪ್ಪನ ಅಮ್ಮನಿಗೆ, ಚಿಕ್ಕಂದಿನಲ್ಲಿ ಕೆಂಡ ಹಿಡಿದು ಎಡಗೈ ಕಿರುಬೆರಳು ಮಡಚಿಹೋಗಿತ್ತು. ನನ್ನ ತಲೆ ಬಾಚುವಾಗ ಆ ಬೆರಳು ಕಿವಿಯ ಹಿಂದೆ ತಾಗಿ ಕಚಗುಳಿಯಾಗುತ್ತಿತ್ತು. ನನಗೆ ಒಂಬತ್ತು ತುಂಬುವವರೆಗೆ ಅವಳ ಮಗ್ಗುಲಲ್ಲೇ ಮಲಗಿದವಳು ನಾನು. ಅವಳಷ್ಟು ನನ್ನನ್ನು ಮುದ್ದು ಮಾಡಿದವರು ಇನ್ನೊಬ್ಬರಿಲ್ಲ.

ಮುಂದೆ ಕೂತ ಒಬ್ಬ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬಿಂದು ಬಾಗಿಲಲ್ಲಿ ಲೋಟ ಹಿಡಿದು ನಿಂತೇ ಇದ್ದಳು. ತಿರುಗಿ ನೋಡಿದರೆ ವೆಳ್ಳಿ ಅಮ್ಮಮ್ಮ ಚಾಪೆ ಬಿಟ್ಟು ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದರು. ಅಂದು ತುಡಿ ಬಡಿಯಲಿಲ್ಲ. ಅತಿಥಿಗಳು ಒಬ್ಬೊಬ್ಬರಾಗಿ ನನ್ನ ಕೈ ಮುಟ್ಟಿ ವ್ಯಾನು ಹತ್ತಿದರು.

ವ್ಯಾನು ಮರೆಯಾದದ್ದೇ ಬಿಂದು ನನ್ನೆದುರು ಬಂದು ನಿಂತಳು. ಕೋಪದಲ್ಲಿ ಅವಳ ದನಿ ಇನ್ನೂ ತಗ್ಗುತ್ತದೆ.

"ಯಾಕೆ ಹಾಗೆ ಮಾಡಿದಿರಿ ಚೇಚಿ?"

"ಅಮ್ಮಮ್ಮ ಹೇಳಿದ್ದನ್ನ ಹೇಳಿದೆ. ನೀನು ಹೇಳಿದ್ದು ನೆನಪಿತ್ತು, ಆದರೆ ಅವರೇ ಮಾತು ತೆಗೆದಾಗ ನಾನೇನು ಮಾಡಲಿ?"

"ಅಮ್ಮಮ್ಮ ಏನು ಹೇಳಿದರು ಅಂತ ನನಗೆ ಗೊತ್ತಿಲ್ಲವಾ? ಹತ್ತು ಹೆಜ್ಜೆ ಆಚೆ ನಿಂತಿದ್ದೆ. ಬಿತ್ತಿದೆವು, ಕೊಯ್ದೆವು, ಆಗ ಏಡಿ ಬೇಕಾದಷ್ಟು ಸಿಗುತ್ತಿತ್ತು. ಇಷ್ಟೇ. ಆಮೇಲೆ ಬಾಯಿ ಮುಚ್ಚಿ ಕೂತರು. ನೀವು ಮಾತ್ರ ಹೇಳ್ತಾ ಹೋದಿರಿ. ನಿಮ್ಮ ಕನ್ನಡ ಪೂರ್ತಿ ತಿಳಿಯದಿದ್ದರೂ ಮಗು, ಜ್ವರ, ಗದ್ದೆ ಅಂದರೆ ತಿಳಿಯುತ್ತದೆ. ನಮ್ಮ ಹೆಸರಲ್ಲಿ ಕತೆ ಕಟ್ಟಿ ಜನರನ್ನ ಅಳಿಸೋಕೆ ನಿಮ್ಮನ್ನ ಕರೆದಿದ್ದಾ?"

ನಾನು ಆಣೆ ಇಡಲು ಹೋದೆ. ಅವಳು ಕೈಯೆತ್ತಿ ತಡೆದಳು. "ಮುಂದಿನ ವಾರ ಬರಬೇಡಿ" ಎಂದು ಒಳಗೆ ಹೋದಳು.

ದಾರಿಯುದ್ದಕ್ಕೂ ನನಗೇ ನನ್ನ ಮೇಲೆ ಅನುಮಾನ. ಊಟದ ಮೇಲಿನ ಮಂಪರಿನಲ್ಲಿ ಏನಾದರೂ ಬಡಬಡಿಸಿದೆನೆ? ಮನೆ ತಲುಪಿದಾಗ ಅಪ್ಪ ಜಗಲಿಯಲ್ಲಿ ಕೂತು ಒಣಗಿದ ಮೆಣಸಿನಲ್ಲಿ ಕಡ್ಡಿ ಆರಿಸುತ್ತಿದ್ದರು. ಆಗ ಎಂಬತ್ತೆರಡು ವರ್ಷ ಅವರಿಗೆ. ಕಾಲು ತೊಳೆಯುವ ಮೊದಲೇ ಕೇಳಿದೆ.

"ಅಪ್ಪ, ನಮ್ಮ ಹೊಳೆ ಬದಿ ಗದ್ದೇಲಿ ಯಾವತ್ತಾದರೂ ನಾಟಿ ದಿನ ಮಗು ಸತ್ತಿತ್ತಾ?"

ಅಪ್ಪನ ಕೈ ಮೆಣಸಿನ ಮೇಲೆಯೇ ನಿಂತಿತು.

"ಯಾರು ಹೇಳಿದ್ದು ನಿಂಗೆ?"

"ಸತ್ತಿತ್ತಾ?"

"ಕರಿಂಬಿಯ ಮಗು. ನಮ್ಮ ಗದ್ದೆಗೆ ಬರ್ತಿದ್ದ ಪಣಿಯರವಳು" ಎಂದರು. "ನನಗಿನ್ನೂ ಮದುವೆ ಆಗಿರಲಿಲ್ಲ. ಪಕ್ಕದ ಗದ್ದೆ ಉಳ್ತಾ ಇದ್ದೆ. ಅವಳು ಕೇಳಿದ್ದೂ ಅಮ್ಮ ಹೇಳಿದ್ದೂ ನನ್ನ ಕಿವಿಗೆ ಬಿದ್ದಿತ್ತು. ನೋಡಿಕೊಂಡು ಬಾ ಅಂತ ನಾನು ಒಂದು ಮಾತು ಅಂದಿದ್ದರೆ ಅಮ್ಮ ಬೇಡ ಅಂತಿರಲಿಲ್ಲ. ಅನ್ನಲಿಲ್ಲ. ಎತ್ತು ಹೊಡೀತಾ ಹೋದೆ." ಒಂದು ಕಡ್ಡಿ ಆರಿಸಿ ಎಸೆದು, "ಅವಳು ಆ ವರ್ಷವೇ ಕೊಡಗಿನ ಕಾಫಿ ತೋಟಕ್ಕೆ ಹೋದಳು. ತಿರುಗಿ ಬರಲಿಲ್ಲ. ಅಲ್ಲೇ ತೀರಿಹೋದಳು ಅಂತ ಸುದ್ದಿ ಬಂತು. ಅಮ್ಮ ಆಮೇಲೆ ಆ ಗದ್ದೆಗೆ ಕಾಲಿಡಲಿಲ್ಲ. ಈ ಮನೇಲಿ ಈ ಮಾತು ಎತ್ತಿದವರೇ ಇಲ್ಲ. ನಿನ್ನ ಅಮ್ಮನಿಗೂ ಗೊತ್ತಿರಲಿಲ್ಲ" ಎಂದರು.

ಚಿಕ್ಕಂದಿನಲ್ಲಿ ಎಲ್ಲೋ ಕಿವಿಗೆ ಬಿದ್ದು ಮನಸ್ಸಿನ ತಳದಲ್ಲಿ ಉಳಿದಿರಬಹುದು ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡೆ. ಅಜ್ಜಿ ನಿದ್ದೆಯಲ್ಲಿ ಕನವರಿಸಿದ್ದು ಮಗ್ಗುಲಲ್ಲಿದ್ದ ನನಗೆ ಕೇಳಿಸಿರಬಹುದು. ಆ ಸಮಾಧಾನದಲ್ಲಿ ನಾಲ್ಕು ದಿನ ಕಳೆದೆ. ಅಂಗಡಿಯಲ್ಲಿ ಕತ್ತರಿ ಹಿಡಿದರೆ ಬಟ್ಟೆ ತಪ್ಪು ಕತ್ತರಿಸುತ್ತಿದ್ದೆ. ರಾತ್ರಿ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಅಜ್ಜಿಯನ್ನು ದ್ವೇಷಿಸಬೇಕೋ ಬೇಡವೋ ತಿಳಿಯದೆ ಅತ್ತೆ. ಐದನೆಯ ದಿನ ಬಿಂದುವೇ ಅಂಗಡಿಗೆ ಬಂದಳು. ಕೋಪವಿರಲಿಲ್ಲ, ಮುಖ ಬಾಡಿತ್ತು.

"ಅಮ್ಮಮ್ಮ ಅವತ್ತಿಂದ ಸರಿಯಾಗಿ ಉಣ್ಣುತ್ತಿಲ್ಲ. ನಿಮ್ಮನ್ನ ಕರೆದುಕೊಂಡು ಬಾ ಅಂತಿದ್ದಾರೆ" ಎಂದಳು.

ದಾರಿಯಲ್ಲಿ ಅಪ್ಪ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಮುಚ್ಚಿಡುವುದು ಆಗಲಿಲ್ಲ. ಊರು ಹತ್ತಿರವಾದಾಗ ಅವಳು, "ಹಾಗಾದರೆ ನೀವು ಕತೆ ಕಟ್ಟಿದ್ದಲ್ಲ" ಎಂದಳು. ಆಮೇಲೆ, "ಕಟ್ಟಿದ್ದರೇ ಚೆನ್ನಾಗಿತ್ತು" ಎಂದಳು.

ವೆಳ್ಳಿ ಅಮ್ಮಮ್ಮ ಮನೆಯ ಮುಂದೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು ನಾನು ಯಾರ ಮೊಮ್ಮಗಳು ಎಂದು ಹೇಳಿದೆ. ಅವರು ಗೊತ್ತು ಎನ್ನುವ ಹಾಗೆ ಕೈಯಾಡಿಸಿದರು. ಮೊದಲ ಭಾನುವಾರದಿಂದಲೂ ಗೊತ್ತಿತ್ತಂತೆ. ಈ ಸಲ ನನಗೆ ಅವರ ಮಾತು ಎಂದಿನಂತೆ ನಾಲ್ಕರಲ್ಲಿ ಒಂದೇ ತಿಳಿಯುತ್ತಿತ್ತು. ಅವರು ಹೇಳಿದ್ದನ್ನು ಬಿಂದು ಮಲಯಾಳದಲ್ಲಿ ಹೇಳಿದಳು.

ಕರಿಂಬಿ ಅವರ ಅಕ್ಕ. ಅವತ್ತು ಅದೇ ಗದ್ದೆಯಲ್ಲಿ ಅಕ್ಕನ ಪಕ್ಕದಲ್ಲೇ ಬಗ್ಗಿ ನೆಡುತ್ತಿದ್ದರಂತೆ. ಅಕ್ಕ ಹೋದಮೇಲೆ ಈ ವಿಷಯವನ್ನು ಯಾರಿಗೂ ಹೇಳಿಲ್ಲ, ತಮ್ಮ ಹೆಣ್ಣುಮಕ್ಕಳಿಗೂ ಹೇಳಿಲ್ಲ. ಭಾನುವಾರವೂ ಹೇಳಲಿಲ್ಲ.

"ಹಾಗಾದರೆ ನಾನು ಕೇಳಿದ್ದು ಯಾರ ಮಾತು ಅಂತ ಕೇಳು" ಎಂದೆ.

ಬಿಂದು ಕೇಳಿದಳು. ಅಮ್ಮಮ್ಮ ಉತ್ತರಿಸಿದರು. ಬಿಂದು ಅದನ್ನು ನನಗೆ ಹೇಳದೆ ಇನ್ನೊಮ್ಮೆ ಅವರನ್ನೇ ಕೇಳಿದಳು. ಅವರು ಅದನ್ನೇ ತಿರುಗಿ ಹೇಳಿದರು.

"ನೀವು ಅವತ್ತು ಮಾತಾಡಿದ್ದು ನಮ್ಮ ಭಾಷೆಯಲ್ಲಿ ಅಂತಾರೆ ಚೇಚಿ. ಮೊದಲಿಂದ ಕೊನೆವರೆಗೆ. ಅಕ್ಕನ ದನಿಯಲ್ಲಿ. ಅಕ್ಕ ಕೆಲವು ಮಾತು ಎಳೆದು ಆಡುತ್ತಿದ್ದಳಂತೆ, ಹಾಗೇ." ಬಿಂದು ತನ್ನ ತೋಳನ್ನು ಉಜ್ಜಿಕೊಂಡಳು. "ಆದರೆ ನಾನು ಅಲ್ಲೇ ಇದ್ದೆನಲ್ಲ. ನನಗೆ ಕೇಳಿಸಿದ್ದು ಕನ್ನಡ."

ಹನ್ನೊಂದು ಜನಕ್ಕೂ ಕೇಳಿಸಿದ್ದು ಕನ್ನಡವೇ. ನಾನು ಆಡಿದ್ದೂ ಕನ್ನಡವೇ. ಅಷ್ಟು ಮಾತ್ರ ನನಗೆ ನಿಶ್ಚಯವಾಗಿ ಗೊತ್ತು ಎಂದುಕೊಂಡಿದ್ದೆ.

ಆಗ ಅಮ್ಮಮ್ಮ ಮುಂದಕ್ಕೆ ಬಾಗಿ ನನ್ನ ಎರಡೂ ಕೈ ಹಿಡಿದುಕೊಂಡರು. ಏನೋ ಬೇಡಿಕೊಳ್ಳುವ ಹಾಗೆ ಹೇಳಿದರು.

"ಮಗುವಿನ ಹೆಸರು ಹೇಳಿದಿರಂತೆ" ಎಂದಳು ಬಿಂದು. "ಅದು ಇವರಿಗೆ ಮರೆತು ಎಷ್ಟೋ ವರ್ಷವಾಗಿತ್ತಂತೆ. ಅಕ್ಕ ಇಟ್ಟ ಹೆಸರು, ಅಕ್ಕ ಮಾತ್ರ ಕರೆಯುತ್ತಿದ್ದದ್ದು. ಅವತ್ತು ನಿಮ್ಮ ಬಾಯಲ್ಲಿ ಕೇಳಿದರಂತೆ, ಎದ್ದು ಹೊರಗೆ ಬಂದು ಬೆಳಕಿಗೆ ನಿಲ್ಲುವಷ್ಟರಲ್ಲಿ ತಿರುಗಿ ಮರೆತುಹೋಯಿತಂತೆ. ಇನ್ನೊಂದೇ ಸಲ ಹೇಳು ಅಂತಿದ್ದಾರೆ."

ನನಗೆ ಯಾವ ಹೆಸರನ್ನು ಹೇಳಿದ ನೆನಪೂ ಇರಲಿಲ್ಲ. ಕಣ್ಣು ಮುಚ್ಚಿ ಆ ಮಧ್ಯಾಹ್ನವನ್ನೆಲ್ಲ ಮೊದಲಿಂದ ತಡಕಾಡಿದೆ. ಗದ್ದೆ ಸಿಕ್ಕಿತು, ಮರ ಸಿಕ್ಕಿತು, ಅಜ್ಜಿಯ ಕೈ ಸಿಕ್ಕಿತು. ಹೆಸರು ಸಿಗಲಿಲ್ಲ. ಬಿಂದುವಿಗೂ ನೆನಪಿರಲಿಲ್ಲ. ಮನೆಗೆ ಬಂದು ಅಪ್ಪನನ್ನು ಕೇಳಿದೆ. "ಪಣಿಯರ ಮಗುವಿನ ಹೆಸರು ಆಗ ಯಾರು ಕೇಳ್ತಿದ್ದರು" ಎಂದು ಮುಖ ಆಚೆ ತಿರುಗಿಸಿಕೊಂಡರು.

ಕಣ್ಣೊರೆಸಿಕೊಂಡಿದ್ದ ಆ ಮೈಸೂರಿನ ಮೇಡಂಗೆ ಫೋನ್ ಮಾಡಿದೆ. "ಹೌದಮ್ಮ, ಹೇಳಿದ್ರಿ, ಎರಡು ಸಲ ಹೇಳಿದ್ರಿ. ಪುಟ್ಟ ಹೆಸರು, ಎಷ್ಟು ಮುದ್ದಾಗಿದೆ ಅಂದ್ಕೊಂಡೆ" ಎಂದರು. ತಡಬಡಿಸಿ ಹುಡುಕಿದರು. "ಅಯ್ಯೋ, ಈಗ ಬಾಯಿಗೆ ಬರ್ತಾ ಇಲ್ಲ. ನೆನಪಾದ ಕೂಡಲೇ ಮಾಡ್ತೀನಿ" ಎಂದರು. ಜೊತೆಗೆ ಬಂದಿದ್ದ ಉಳಿದವರನ್ನೂ ವಿಚಾರಿಸಿದರಂತೆ. ಹೆಸರು ಹೇಳಿದ್ದು ಎಲ್ಲರಿಗೂ ನೆನಪಿದೆ, ಏನು ಹೇಳಿದ್ದು ಎಂಬುದು ಒಬ್ಬರಿಗೂ ನೆನಪಿಲ್ಲ.

ಎರಡು ತಿಂಗಳ ಮೇಲೆ ಬಿಂದು ನನ್ನನ್ನು ಮತ್ತೆ ಕರೆದಳು. ಈಗ ಅವಳು ಮಲಯಾಳದಲ್ಲಿ ಹೇಳಿ ಮುಗಿಸುವವರೆಗೆ ನಾನು ತುಟಿ ತೆರೆಯುವುದಿಲ್ಲ. ಅಮ್ಮಮ್ಮ ಈಗ ಮಾತಾಡಲು ಕೂರುವುದಿಲ್ಲ, ಆದರೆ ನಾನು ಬರುವ ಭಾನುವಾರ ಯಾರು ಬೇಡವೆಂದರೂ ಕೇಳದೆ ಚಾವಡಿಗೆ ಬಂದು ಎಲ್ಲರ ಮುಂದೆ ಕೂರುತ್ತಾರೆ. ಏಡಿ ಹಿಡಿಯುವುದು ಹೇಗೆ, ಗೆಣಸು ಅಗೆಯುವುದು ಹೇಗೆ ಎಂದು ನಾನು ಹೇಳುತ್ತಾ ಹೋಗುತ್ತೇನೆ. ಅವರಿಗೆ ಒಂದಕ್ಷರ ಕನ್ನಡ ಬರುವುದಿಲ್ಲ. ಆದರೂ ಮಾತು ಮುಗಿಯುವವರೆಗೆ ಅವರು ನನ್ನ ಬಾಯಿಯಿಂದ ಕಣ್ಣು ಕೀಳುವುದಿಲ್ಲ.